ಹಿತ್ತಾಳೆಯ ಮೆಟ್ಟಿಲಲ್ಲಿದ್ದ ಬೆಲ್ಟು

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ದಿಂಡಿಗಲ್ಲಿನಲ್ಲಿ ಪಂಪು ಮಾಡುವ ಕಾರ್ಖಾನೆಯೊಂದರಲ್ಲಿ, ಮಿಲ್ಲಿಂಗ್ ಯಂತ್ರದ ಮೇಲೆ. ಡಬ್ಬಿಗೆ ಚೀಟಿ ಅಂಟಿಸುವ ಕೆಲಸವಲ್ಲ, ನೆಲ ಗುಡಿಸುವ ಕೆಲಸವಲ್ಲ, ಲೋಹ ಕೊಯ್ಯುವ ಕೆಲಸ. ಅಲ್ಲಿ ಆ ಯಂತ್ರದ ಮುಂದೆ ಇದುವರೆಗೆ ಒಂದು ಹೆಣ್ಣೂ ನಿಂತಿಲ್ಲವಂತೆ. ಮೊನ್ನೆ ಬುಧವಾರ ಮಧ್ಯಾಹ್ನ ವಡೆಗೆ ಬೇಳೆ ರುಬ್ಬುತ್ತಿದ್ದೆ. ನಮ್ಮ ಹನುಮಂತನಪಟ್ಟಿ ಬಸ್ ನಿಲ್ದಾಣದ ಫೋನ್ ಬೂತಿನವನು ಸೈಕಲ್ ತುಳಿದುಕೊಂಡು ಬಂದು, ಸುಗುಣ ಹತ್ತು ನಿಮಿಷದಲ್ಲಿ ಮತ್ತೆ ಫೋನ್ ಮಾಡುತ್ತಾಳೆ, ಅಜ್ಜಿಯೇ ಬರಬೇಕಂತೆ ಎಂದ. ಹಿಟ್ಟು ಹತ್ತಿದ ಕೈಯಲ್ಲೇ, ಚಪ್ಪಲಿಯೂ ಇಲ್ಲದೆ ಓಡಿದೆ. ಈ ಮಂಡಿ ಹಾಗೆ ಓಡೀತೆಂದು ನನಗೇ ಗೊತ್ತಿರಲಿಲ್ಲ.

“ಅಜ್ಜೀ, ಸಿಕ್ತು!”

“ಏನ್ ಸಿಕ್ತುಡೀ? ಬಿಡಿಸಿ ಹೇಳು.”

“ಕೆಲ್ಸ ಅಜ್ಜೀ. ಮೂರು ಲೋಹನೂ ಕೊಯ್ದೆ. ಕಟ್ಟರ್ ಮುರೀಲಿಲ್ಲ.”

ಕಟ್ಟರ್ ಮುರಿಯಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ಬೂತಿನ ಗಾಜಿಗೆ ಹಣೆ ಒತ್ತಿ ಅತ್ತುಬಿಟ್ಟೆ. ಹೊರಗೆ ಬಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಎಲೆಯಡಿಕೆ ಮಾರುವವಳಿಗೆ, ಷೇರ್ ಆಟೋದಲ್ಲಿ ಒತ್ತಿಕೊಂಡು ಕೂತಿದ್ದ ಗುರುತಿಲ್ಲದ ಹೆಂಗಸರಿಗೆ, ದ್ರಾಕ್ಷಿ ಬುಟ್ಟಿ ಹೇರುತ್ತಿದ್ದ ಆಳುಗಳಿಗೆ. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಸಂತೋಷದ ಬೆನ್ನಿಗೇ ಕೋಪವೂ ಬಂದು ನಿಂತಿತ್ತು. ನನಗೆ ಈ ಕೋಪ ಹೊಸದಲ್ಲ. ಹದಿಮೂರು ವರ್ಷದವಳಿದ್ದಾಗ ಬಂದದ್ದು, ಇನ್ನೂ ಹೋಗಿಲ್ಲ. ಅದು ಎಲ್ಲಿಂದ ಬಂತೆಂದು ಹೇಳಬೇಕಾದರೆ ನಾನು ಹುಟ್ಟಿದ ಮನೆಯನ್ನು ಹೇಳಬೇಕು.

ಆ ಮನೆ ಕಂಬಂನಲ್ಲಿತ್ತು. ತಮಿಳು ಸೀಮೆಯಲ್ಲಿ ತಲೆಮಾರುಗಳಿಂದ ಇರುವ ಕನ್ನಡದ ನಮ್ಮವರೆಲ್ಲ ಬೇಸಾಯದವರು, ಅಪ್ಪ ಒಬ್ಬ ಮಾತ್ರ ನೇಗಿಲು ಬಿಟ್ಟು ಕಬ್ಬಿಣ ಹಿಡಿದ. ಮನೆಯ ಮುಂಭಾಗವೇ ಪಟ್ಟರೆ. ಕಬ್ಬಿಣದ ಕೆಲಸದ ಕೊಟ್ಟಿಗೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಪಟ್ಟರೆಗೂ ಅಡುಗೆಮನೆಗೂ ನಡುವೆ ಒಂದು ಮಣ್ಣಿನ ಗೋಡೆ, ಗೋಡೆಯಲ್ಲಿ ಬಗ್ಗಿ ನುಸುಳಬೇಕಾದ ಒಂದು ಬಾಗಿಲು. ಬೆಳಿಗ್ಗೆ ಆಯಿಲ್ ಇಂಜಿನ್ ಶುರುವಾದರೆ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸಂಜೆಯವರೆಗೂ ಕಿಣಿಕಿಣಿ ಎನ್ನುತ್ತಿದ್ದವು. ಹಿತ್ತಾಳೆ ಕೊಯ್ಯುವ ದಿನ ಅದರ ಹಳದಿ ಪುಡಿ ಬಾಗಿಲಲ್ಲಿ ತೂರಿ ಬಂದು ಸಾರಿನ ಮೇಲೆ ಕೂರುತ್ತಿತ್ತು. ಊಟಕ್ಕೆ ಕೂತಾಗ ಅವ್ವನಿಗೂ ಅಪ್ಪನಿಗೂ ಅದೇ ಜಗಳ.

“ಉಪ್ಪು ಹಾಕಿವ್ನಿ, ಹುಳಿ ಹಾಕಿವ್ನಿ. ಹಿತ್ತಾಳೆ ನೀವು ಹಾಕಿದ್ದು, ನೀವೇ ಉಣ್ಣಿ.”

“ಚಿನ್ನ ಅಂದ್ಕೊಂಡು ಬಡಿಸುಡೀ. ಯಾವ ಮನೇಲಿ ಚಿನ್ನದ ಸಾರು ಉಣ್ತಾರೆ?”

ಮಲೆಯ ಮೇಲಿನ ಎಸ್ಟೇಟಿನವರು ಬೇಡವೆಂದು ಮಾರಿದ ಒಂದು ಮಿಲ್ಲಿಂಗ್ ಯಂತ್ರವನ್ನು ಅಪ್ಪ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿಸಿ ತಂದಿದ್ದ. ಲೇತಿನಲ್ಲಿ ಲೋಹದ ತುಂಡು ತಿರುಗುತ್ತದೆ. ಇದರಲ್ಲಿ ಹಲ್ಲುಗಳಿರುವ ಚಕ್ರ ತಿರುಗುತ್ತದೆ, ಅದೇ ಕಟ್ಟರ್. ಲೋಹವನ್ನು ಮೇಜಿಗೆ ಬಿಗಿದು, ಹಿಡಿಕೆ ತಿರುಗಿಸುತ್ತಾ ಆ ಚಕ್ರದ ಬಾಯಿಗೆ ಉಣಿಸಬೇಕು. ಕಟ್ಟರ್ ಎಷ್ಟು ಜೋರಾಗಿ ತಿರುಗಬೇಕು, ತುಂಡನ್ನು ಎಷ್ಟು ಬೇಗ ಉಣಿಸಬೇಕು ಎಂಬುದು ಲೋಹದಿಂದ ಲೋಹಕ್ಕೆ ಬೇರೆ. ಯಂತ್ರದ ಮೈಯಲ್ಲಿ ಮೂರು ಮೆಟ್ಟಿಲಿನ ಗಾಲಿಯೊಂದಿತ್ತು. ಬೆಲ್ಟು ಚಿಕ್ಕ ಮೆಟ್ಟಿಲಲ್ಲಿದ್ದರೆ ಕಟ್ಟರ್ ಭರ್ರನೆ ತಿರುಗುತ್ತದೆ, ದೊಡ್ಡ ಮೆಟ್ಟಿಲಲ್ಲಿದ್ದರೆ ನಿಧಾನ. ಚಿಕ್ಕದು ಹಿತ್ತಾಳೆಗೆ, ನಡುವಿನದು ನಾವು ಬೀಡು ಎನ್ನುವ ಎರಕದ ಕಬ್ಬಿಣಕ್ಕೆ, ದೊಡ್ಡದು ಉಕ್ಕಿಗೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಆದ್ದರಿಂದ ಅಂಕಿಯೂ ಇಲ್ಲ, ಪಟ್ಟಿಯೂ ಇಲ್ಲ. ಅವನ ಲೆಕ್ಕವೆಲ್ಲ ಸದ್ದಿನಲ್ಲಿ. ಆ ಸದ್ದನ್ನು ಅವನು ಕಲಿಸಿದ್ದು ನನಗೆ. ಅಣ್ಣ ಮಲ್ಲಣ್ಣನಿಗೆ ಶಾಲೆಯಿತ್ತು, ನನಗೆ ಎರಡನೇ ಕ್ಲಾಸಿಗೇ ಶಾಲೆ ಮುಗಿದಿತ್ತು. ಅಪ್ಪನ ಪಕ್ಕದಲ್ಲಿ ಮಣೆಯ ಮೇಲೆ ನಿಂತು ಹಿಡಿಕೆ ತಿರುಗಿಸುವುದು ನನ್ನ ಕೆಲಸ.

“ಹಿತ್ತಾಳೆ ಎಂಗೆ ಕೂಗ್ಬೇಕು ಹೇಳ್ಡೀ?”

“ಒಗ್ಗರಣೇಲಿ ಸಾಸಿವೆ ಸಿಡಿದಂಗೆ.”

“ಬೀಡು?”

“ಅವ್ವ ರಾಗಿ ಬೀಸಿದಂಗೆ. ಎಣ್ಣೆ ಹಾಕ್ಬಾರ್ದು, ಒಣಗ್ಲೇ ಕೊಯ್ಬೇಕು.”

“ಉಕ್ಕು?”

“ಎಮ್ಮೆ ಹುಲ್ಲು ಕಿತ್ತು ಮೇಯ್ದಂಗೆ. ಕರ್, ಕರ್, ಕರ್. ಎಣ್ಣೆ ಹನಿತಾ ಇರ್ಬೇಕು.”

ಉಕ್ಕಿನಿಂದ ಏಳುವ ಚೂರು ಬೆಳ್ಳಗೆ, ಹೆಚ್ಚೆಂದರೆ ಒಣಹುಲ್ಲಿನ ಬಣ್ಣಕ್ಕೆ ಇರಬೇಕು. ನವಿಲುಕತ್ತಿನ ನೀಲಿ ಬಂದರೆ ಕಟ್ಟರ್ ಸುಡುತ್ತಿದೆ ಎಂದರ್ಥ, ನಿಲ್ಲಿಸಬೇಕು. ಹಾಗೆಂದು ಹೆದರಿ ತೀರಾ ಮೆಲ್ಲಗೆ ಉಣಿಸಿದರೂ ಅಪ್ಪ ಬೈಯುತ್ತಿದ್ದ. ಹಲ್ಲು ಕಚ್ಚಬೇಕು, ನೆಕ್ಕುತ್ತಾ ಕೂತರೆ ಮೊಂಡಾಗುತ್ತದೆ ಎನ್ನುತ್ತಿದ್ದ. ಕಟ್ಟರ್ ದೊಡ್ಡದಾದರೆ ಅದೇ ಲೋಹಕ್ಕೂ ವೇಗ ಇಳಿಸಬೇಕು. ಅದು ನನಗೆ ಅರ್ಥವಾಗದೆ ಇದ್ದಾಗ ಅಪ್ಪ ಪಕ್ಕದ ಬೀದಿಯ ಎಣ್ಣೆ ಗಾಣಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಗಾಣದ ಮರ ಉದ್ದವಾದಷ್ಟೂ ಒಂದು ಸುತ್ತಿಗೆ ಎತ್ತು ಹೆಚ್ಚು ದೂರ ನಡೆಯಬೇಕು. ದೊಡ್ಡ ಕಟ್ಟರಿನ ಹಲ್ಲೂ ಹಾಗೇ, ಅದನ್ನು ಓಡಿಸಿ ಸಾಯಿಸಬೇಡ ಎಂದ. ಏಳು ವರ್ಷದ ಹುಡುಗಿಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟ ಮನುಷ್ಯ ಅವನು. ಅದಕ್ಕೇ ಅವನ ಮೇಲೆ ನನಗೆ ಇಷ್ಟು ಕೋಪ. ಏನೂ ತಿಳಿಯದವನಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ.

ನಾನು ದೊಡ್ಡವಳಾದ ದಿನದಿಂದ ಪಟ್ಟರೆಗೆ ಕಾಲಿಡುವಂತಿರಲಿಲ್ಲ. ಹಾಗೆ ಹೇಳಿದವಳು ಅಪ್ಪನ ಅಕ್ಕ, ನನ್ನ ಅತ್ತೆ. ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಶುಕ್ರವಾರ ಯಂತ್ರಕ್ಕೆ ಕರ್ಪೂರ ಹಚ್ಚಬೇಕಾದವರು ಯಾರು, ಹಚ್ಚಬಾರದವರು ಯಾರು, ಎಲ್ಲ ಅವಳದೇ ಕಟ್ಟಳೆ. ಮುಟ್ಟಾದ ಮೂರು ದಿನವಂತೂ ಹಿತ್ತಲಿನ ಗುಡಿಸಲೇ ಗತಿ, ಒಡೆದ ತಟ್ಟೆಯಲ್ಲಿ ರಾಗಿ ಕಳಿಯ ಉಂಡೆ, ಹಾಸಲು ಗೋಣಿ. ಅದಕ್ಕೆ ತೀಟು ಎನ್ನುತ್ತಿದ್ದರು. ಉಳಿದ ದಿನಗಳಲ್ಲಿ ನಾನು ಅಡುಗೆಮನೆಯಲ್ಲಿ, ಯಂತ್ರ ಬಾಗಿಲಿನ ಆಚೆ. ಆದರೆ ಅಪ್ಪನಿಗೆ ನನ್ನ ಕಿವಿ ಬೇಕಿತ್ತು. ಹೊಸ ತುಂಡು ಬಿಗಿದು ಬೆಲ್ಟು ಹಾಕಿದೊಡನೆ ಅಲ್ಲಿಂದಲೇ ಕೂಗುತ್ತಿದ್ದ.

“ರಂಗೀ, ಸರಿ ಐತಾ?”

“ಉಣ್ಸೋದು ಜಾಸ್ತಿ ಆಯ್ತಪ್ಪಾ, ಕೈ ಇಳ್ಸು!”

ನಾನು ಅಲ್ಲಿಂದಲೇ ಕೂಗಿ ಹೇಳಿದರೆ ಅವನು ಕೈ ಇಳಿಸುತ್ತಿದ್ದ. ನನ್ನ ಕಾಲು ಬೇಡ, ಕಿವಿ ಬೇಕು. ಆಗ ಅದು ನನಗೆ ಹೆಮ್ಮೆಯಾಗಿ ಕಂಡಿತ್ತು.

ಆ ದಿನ ಅಪ್ಪ ಯಾರದೋ ತೋಟದ ಪಂಪು ನೋಡಲು ಹೋಗಿದ್ದ. ಶಾಲೆ ಬಿಟ್ಟು ಪಟ್ಟರೆ ಸೇರಿದ್ದ ಮಲ್ಲಣ್ಣನೇ ಯಂತ್ರದ ಮುಂದೆ. ಬೆಳಿಗ್ಗೆಯೆಲ್ಲ ಹಿತ್ತಾಳೆಯ ಬುಷ್ ಎಂಬ ಪಂಪಿನ ಬಳೆಗಳನ್ನು ಕೊಯ್ದ. ಮುಟ್ಟಾಗಿದ್ದ ನಾನು ಹಿತ್ತಲಿನ ಗುಡಿಸಲಿನಲ್ಲಿ ಗೋಣಿಯ ಮೇಲೆ ಕೂತು ಆ ಸದ್ದು ಕೇಳುತ್ತಿದ್ದೆ. ಸಾಸಿವೆ ಸಿಡಿದಂತೆ, ಸರಿಯಾಗೇ ಇತ್ತು. ಮಧ್ಯಾಹ್ನ ಇಂಜಿನ್ ನಿಂತು ಮತ್ತೆ ಶುರುವಾಯಿತು. ಕಟ್ಟರ್ ಲೋಹಕ್ಕೆ ತಾಗಿದ್ದೇ ತಡ, ಹಂದಿ ಕೊಯ್ಯುವಾಗಿನ ಕಿರುಚಾಟ ಎದ್ದಿತು. ಉಕ್ಕು! ಪಂಪಿನ ಉಕ್ಕಿನ ಷಾಫ್ಟು ಬಿಗಿದಿದ್ದಾನೆ, ಬೆಲ್ಟು ಇನ್ನೂ ಹಿತ್ತಾಳೆಯ ಮೆಟ್ಟಿಲಲ್ಲೇ ಇದೆ. ನೋಡದೆಯೇ ನನಗೆ ಗೊತ್ತಾಯಿತು. ಕೂತಲ್ಲಿಂದಲೇ ಕೂಗಿದೆ, ಯಾರಿಗೂ ಕೇಳಲಿಲ್ಲ. ಮನೆಯಲ್ಲಿದ್ದದ್ದು ಅದೊಂದೇ ಒಳ್ಳೆಯ ಕಟ್ಟರ್, ಇನ್ನೊಂದು ಬೇಕಾದರೆ ಮದರಾಸಿನಿಂದ ಬರಬೇಕು. ಸುಟ್ಟ ವಾಸನೆ ಹಿತ್ತಲಿಗೂ ಬಂತು. ಎದ್ದೆ, ಅಡುಗೆಮನೆ ದಾಟಿದೆ, ಬಗ್ಗಿ ಆ ಬಾಗಿಲು ನುಸುಳಿದೆ.

“ಅಣ್ಣಾ, ನಿಲ್ಸು! ಬೆಲ್ಟು ಚಿಕ್ಕದ್ರಲ್ಲಿ ಅದೆ! ದೊಡ್ಡದಕ್ಕೆ ಹಾಕು!”

ಅವನು ತಿರುಗಿ ನೋಡಿದ. ಕೈ ಮಾತ್ರ ನಿಲ್ಲಲಿಲ್ಲ, ಹಟದಿಂದ ಇನ್ನಷ್ಟು ಉಣಿಸಿತು. ನೀಲಿ ಚೂರುಗಳು ಹಾರುತ್ತಿದ್ದವು. ಟಪ್ ಎಂದು ಕಟ್ಟರ್ ಎರಡಾಗಿ, ಒಂದು ಹಲ್ಲು ಅವನ ಹುಬ್ಬಿನ ಮೇಲೆ ಗೀರಿಕೊಂಡು ಹೋಗಿ ಗೋಡೆಗೆ ಬಡಿಯಿತು. ರಕ್ತ. ಅವ್ವ ಓಡಿ ಬಂದಳು, ಅತ್ತೆ ಓಡಿ ಬಂದಳು. ಅತ್ತೆ ಮೊದಲು ನೋಡಿದ್ದು ಅಣ್ಣನ ಹುಬ್ಬನ್ನಲ್ಲ, ನನ್ನ ಕಾಲನ್ನು.

“ತೀಟು ಹೊತ್ಕೊಂಡು ಇಲ್ಲೇ ನಿಂತವ್ಳೆ ನೋಡಿ ಪಾಪಿ! ಯಂತ್ರದ ಸಾಮಿ ಸುಮ್ಕೆ ಬಿಟ್ಟೀತಾ?”

“ನಾನು ಬರೋ ಮೊದ್ಲೇ ಸುಡ್ತಿತ್ತತ್ತೆ. ಬೆಲ್ಟು ನೋಡಿ. ಅಣ್ಣಾ, ನೀನೇ ಹೇಳಣ್ಣಾ!”

ಹುಬ್ಬಿಗೆ ಬಟ್ಟೆ ಒತ್ತಿಕೊಂಡಿದ್ದ ಮಲ್ಲಣ್ಣ ನೆಲ ನೋಡುತ್ತಾ, “ಇವ್ಳು ಒಳಿಕ್ಕೆ ಬಂದ ತಕ್ಷಣ ಮುರೀತು” ಎಂದ. ಅದು ಸುಳ್ಳಲ್ಲ ಎಂಬುದೇ ಅದರ ಪೋಕರಿತನ.

ಅಷ್ಟರಲ್ಲಿ ಅಪ್ಪ ಬಂದ. ಮುರಿದ ಕಟ್ಟರ್ ನೋಡಿದ, ನೀಲಿ ಚೂರನ್ನು ಬೆರಳಲ್ಲಿ ಹಿಡಿದು ನೋಡಿದ, ತಲೆಯೆತ್ತಿ ಬೆಲ್ಟು ನೋಡಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನಿಗೆ ಗೊತ್ತಾಯಿತು, ಅದು ನನಗೂ ಗೊತ್ತಾಯಿತು. ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಬೆಲ್ಟನ್ನು ಚಿಕ್ಕ ಮೆಟ್ಟಿಲಿನಿಂದ ದೊಡ್ಡದಕ್ಕೆ ಜಾರಿಸಿದ. ಗಂಡುಮಗನ ತಪ್ಪು ಯಾರ ಕಣ್ಣಿಗೂ ಬೀಳದಂತೆ ಸರಿಯಾಯಿತು. ಆಮೇಲೆ ಅತ್ತೆ ಹೇಳಿದ ಹಾಗೆ ಯಂತ್ರಕ್ಕೆ ಗೋಮೂತ್ರ ಚಿಮುಕಿಸಿದರು, ನನಗೆ ಮೂರು ದಿನ ಕಳಿಯೂ ಇಲ್ಲದೆ ಬರಿಯ ಗಂಜಿನೀರು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಮನೆಯೊಳಗೆ ಬಂದರೆ ಅಪ್ಪ ಆ ತಗ್ಗು ಬಾಗಿಲಿಗೆ ಇಟ್ಟಿಗೆ ಕಟ್ಟುತ್ತಿದ್ದ. ತಾನೇ, ತನ್ನ ಕೈಯಾರೆ. ಹಸಿ ಮಣ್ಣನ್ನು ಬೆರಳಿನಿಂದ ಒತ್ತಿ ಒತ್ತಿ, ಒಂದು ಸಂದೂ ಬಿಡದೆ.

“ಅಪ್ಪಾ, ನಿಂಗೆ ಗೊತ್ತಲ್ಲಾ?”

“ನೀರು ತಂದ್ಕೊಡ್ಡೀ, ಮಣ್ಣು ಒಣಗ್ತದೆ” ಎಂದ.

ನೀರು ತಂದುಕೊಟ್ಟೆ. ನನ್ನನ್ನು ಆಚೆ ಹಾಕುವ ಗೋಡೆಗೆ ನಾನೇ ನೀರು ತಂದುಕೊಟ್ಟೆ. ಅದನ್ನು ನೆನೆದರೆ ಈಗಲೂ ಕೈಯಲ್ಲಿರುವ ಪಾತ್ರೆಯನ್ನು ಎಸೆಯಬೇಕು ಅನ್ನಿಸುತ್ತದೆ, ಒಂದೆರಡು ಸಲ ಎಸೆದೂ ಇದ್ದೇನೆ. ಅದಾದ ಮೇಲೆ ಅಪ್ಪ ಸದ್ದು ಸರಿಯೇ ಎಂದು ನನ್ನನ್ನು ಕೇಳಲಿಲ್ಲ. ಎರಡು ವರ್ಷಕ್ಕೆ ನನ್ನನ್ನು ಹನುಮಂತನಪಟ್ಟಿಗೆ ಕೊಟ್ಟರು. ಮಲ್ಲಣ್ಣನ ಗೀರು ಒಣಗಿತು, ಕಥೆ ಒಣಗಲಿಲ್ಲ. ಯಾರ ಮದುವೆಯಾಗಲಿ, ಪಂಕ್ತಿಯಲ್ಲಿ ಕೂತು ಹುಬ್ಬು ಮುಟ್ಟಿ ತೋರಿಸುವುದು, “ನೋಡಿ, ನನ್ನ ತಂಗಚ್ಚಿ ಕಾಲಿಟ್ಟ ಗುಣ” ಎನ್ನುವುದು, ಎಲ್ಲರೂ ನಗುವುದು. ನನ್ನ ಗಂಡನೂ ನಕ್ಕ, ನನ್ನ ಮಗನೂ ನಗುತ್ತಾ ಬೆಳೆದ. ಅಪ್ಪ ಸಾಯುವವರೆಗೂ ಬಾಯಿ ಬಿಡಲಿಲ್ಲ.

ಹಾಗಾಗಿ ಸುಗುಣ ಐಟಿಐಗೆ ಸೇರಿ ಮೆಷಿನಿಸ್ಟ್ ಓದುತ್ತೇನೆ ಎಂದಾಗ ನನಗೆ ಹೇಗಾಗಿರಬೇಡ! ಸಂಜೆ ದೀಪದ ಕೆಳಗೆ ಅವಳ ಪುಸ್ತಕ ತೆರೆದರೆ ಒಂದು ಕಡೆ ಲೋಹದ ಹೆಸರು, ಇನ್ನೊಂದು ಕಡೆ ನಿಮಿಷಕ್ಕೆ ಇಷ್ಟು ಮೀಟರ್ ಎಂಬ ಅಂಕಿ. ಅಂಕಿಗಳನ್ನು ಕೈಯಿಂದ ಮುಚ್ಚಿಕೊಂಡು ಹೆಸರು ಮಾತ್ರ ಓದು ಎಂದೆ. ಅವಳು ಓದಿದಳು, ಯಾವುದು ಜೋರು, ಯಾವುದು ನಿಧಾನ ಎಂದು ನಾನು ಹೇಳುತ್ತಾ ಹೋದೆ. ಕೈ ತೆಗೆದು ನೋಡಿದರೆ ಎಲ್ಲ ಸರಿ. ಅಲ್ಯೂಮಿನಿಯಂ ಒಂದನ್ನು ಬಿಟ್ಟು. ಅದು ನಮ್ಮ ಪಟ್ಟರೆಗೆ ಬಂದೇ ಇರಲಿಲ್ಲ. ಅದು ಹಿತ್ತಾಳೆಗಿಂತಲೂ ಜೋರು, ಹಲ್ಲಿಗೆ ಅಂಟಿಕೊಳ್ಳುತ್ತದೆ, ಸೀಮೆಎಣ್ಣೆ ಹನಿಸಬೇಕು ಎಂದು ಅವಳು ನನಗೆ ಕಲಿಸಿದಳು. ಅವಳಿಗೆ ನಾನು ಎಮ್ಮೆಯನ್ನೂ ಸಾಸಿವೆಯನ್ನೂ ಕಲಿಸಿದೆ. ಬೆಲ್ಟಿನ ಕಥೆಯನ್ನೂ ಹೇಳಿದೆ. ಈ ಮನೆಯಲ್ಲಿ ಅದನ್ನು ಕೇಳಿ ನಗದೆ ಇದ್ದವಳು ಅವಳೊಬ್ಬಳೇ.

ಬುಧವಾರ ಬೆಳಿಗ್ಗೆ ಅವಳು ಪರೀಕ್ಷೆಗೆ ದಿಂಡಿಗಲ್ಲಿಗೆ ಹೊರಡಬೇಕು. ತಲೆ ಬಾಚಿಕೊಂಡು ನಿಂತವಳು ನನ್ನ ಕಿವಿಯಲ್ಲಿ, ಇವತ್ತೇ ಮುಟ್ಟಾಗಿದೆ ಎಂದಳು. ಅವಳ ಅವ್ವನಿಗೂ, ಎಂದರೆ ನನ್ನ ಸೊಸೆಗೂ, ಗೊತ್ತಾಯಿತು. ಸೊಸೆ ಕೆಟ್ಟವಳಲ್ಲ, ಹೆದರಿದಳು.

“ಇವತ್ತು ಬ್ಯಾಡ ಮಗಾ. ಕಬ್ಬಿಣಕ್ಕೂ ಸಾಮಿ ಅದೆ. ಏನಾರ ಮುರಿದ್ರೆ? ಮಾವ ಊರೆಲ್ಲ ಹೇಳ್ಕೊಂಡು ಬರ್ತಾರೆ.”

ಮಾವ ಎಂದರೆ ಮಲ್ಲಣ್ಣ. ನನ್ನ ಕೋಪ ನೆತ್ತಿಗೇರಿತು. ಆದರೆ ನನಗೂ ಹೆದರಿಕೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕಟ್ಟರ್ ಮುರಿದರೆ ಅವಳ ಕೆಲಸ ಮಾತ್ರ ಹೋಗುವುದಿಲ್ಲ. ಅತ್ತೆ ಹೇಳಿದ್ದೇ ಸತ್ಯವಾಗಿಬಿಡುತ್ತದೆ, ಇನ್ನು ಈ ಮನೆಯ ಯಾವ ಹೆಣ್ಣೂ ಯಂತ್ರದ ಹತ್ತಿರ ಹೋಗುವಂತಿಲ್ಲ. ಅವಳ ಕೈಹಿಡಿದು ಬಸ್ಸಿಗೆ ನಾನೇ ಹತ್ತಿಸಿದೆ.

“ಯಾರು ಅವಸರ ಮಾಡಿದ್ರೂ ವೇಗ ಯಾವುದ್ರಲ್ಲಿ ಅದೆ ಅಂತ ಮೊದ್ಲು ನೋಡ್ಕೋಡೀ. ಕೈ ಆಮೇಲೆ.”

“ಸರಿ ಅಜ್ಜೀ. ನೀವು ವಡೆ ಮಾಡ್ತಾ ಇರಿ, ನಾನು ಬತ್ತಲಗುಂಡಿಂದ ಬಾಳೆಹಣ್ಣು ತರ್ತೀನಿ. ಗೆದ್ರೂ ತರ್ತೀನಿ, ಸೋತ್ರೂ ತರ್ತೀನಿ.”

ಮುಂದಿನದನ್ನು ಅವಳೇ ಸಂಜೆ ಹೇಳಿದ್ದು. ಫೋನು ಬಂದ ಮೇಲೆ, ರಾತ್ರಿಯ ಊಟಕ್ಕೆಂದು ಕಂಬಂನಿಂದ ಮಲ್ಲಣ್ಣನನ್ನು ಕರೆಸಿದವಳು ನಾನು. ಸೊಸೆ ಬೇಡವೆಂದಳು, ನಾನು ಬಿಡಲಿಲ್ಲ. ಕೋಳಿ ಸಾರು, ವಡೆ, ಪಾಯಸ. ಬಾಳೆಎಲೆ ಹಾಸಿದಾಗ ಸುಗುಣ ಅಭ್ಯಾಸಬಲದಿಂದ ತಟ್ಟೆ ಹಿಡಿದು ಹಿತ್ತಲ ಬಾಗಿಲ ಕಡೆ ಹೊರಟಿದ್ದಳು. ತಟ್ಟೆ ಕಿತ್ತುಕೊಂಡು ಪಂಕ್ತಿಯ ನಡುವೆ, ಮಲ್ಲಣ್ಣನ ಎದುರಿಗೆ ಅವಳನ್ನು ಕೂರಿಸಿದೆ. ಸೊಸೆ ನನ್ನ ಮುಖ ನೋಡಿ ಅವಳ ಮುಂದೆಯೂ ಒಂದು ಎಲೆ ಹಾಸಿದಳು.

“ನನ್ನ ಮುಂದೆ ಇಬ್ರು ಕಟ್ಟರ್ ಸುಟ್ಕೊಂಡ್ರು ಅಜ್ಜೀ” ಎಂದಳು ಸುಗುಣ. “ಮೊದ್ಲು ಅಲ್ಯೂಮಿನಿಯಂ, ಆಮೇಲೆ ಬೀಡು. ಬೀಡಾದ್ಮೇಲೆ ನಂಗೆ ಕೈ ತೊಳ್ಕೊಂಡು ಬಾ ಅಂದ್ರು. ಬರೋದ್ರಲ್ಲಿ ಫೋರ್‌ಮನ್ನೇ ಉಕ್ಕು ಬಿಗ್ದು ರೆಡಿ ಮಾಡಿದ್ರು. ಬೇಗ ಬೇಗ, ಊಟದ ಹೊತ್ತಾಯ್ತು, ಶುರು ಮಾಡು ಅಂದ್ರು. ಅಲ್ಲಿ ಬೆಲ್ಟಿಲ್ಲ, ಲಿವರು. ನೋಡ್ತೀನಿ, ಲಿವರು ಮತ್ತೆ ಅಲ್ಯೂಮಿನಿಯಂ ಸ್ಪೀಡಿಗೆ ಬಂದದೆ! ಸಾರ್, ಸ್ಪೀಡ್ ಇಳಿಸ್ತೀನಿ ಅಂದೆ. ಅವ್ರು ನಕ್ಕು, ಪರೀಕ್ಷೆ ಇದ್ದಿದ್ದೇ ಅದು ಕಣಮ್ಮಾ ಅಂದ್ರು.”

“ಸದ್ದು ಎಂಗಿತ್ತು?”

“ಎಮ್ಮೆ ಮೇಯ್ದಂಗೆ ಅಜ್ಜೀ. ಕರ್, ಕರ್, ಕರ್.”

ಎಲ್ಲರೂ ನಕ್ಕರು. ಅವಳು ನಗದೆ ಎದುರಿಗಿದ್ದ ಮಲ್ಲಣ್ಣನನ್ನು ನೋಡಿದಳು.

“ತಾತಾ, ಇವತ್ತು ನಂಗೆ ತೀಟು. ಮೂರು ಲೋಹ ಕೊಯ್ದೆ. ಒಂದು ಹಲ್ಲೂ ಹೋಗ್ಲಿಲ್ಲ. ಆವತ್ತು ಬೆಲ್ಟು ಯಾವ ಮೆಟ್ಟಿಲಲ್ಲಿತ್ತು?”

ಮಲ್ಲಣ್ಣನ ಕೈ ಹುಬ್ಬಿನ ಕಡೆ ಹೋಗಿ ಅರ್ಧದಲ್ಲೇ ಇಳಿಯಿತು. ನಾನು ಸಾರಿನ ಸೌಟು ಹಿಡಿದು ಅವನ ಎಲೆಯ ಮುಂದೆ ನಿಂತಿದ್ದೆ, ಅನ್ನ ಬಡಿಸಿಯಾಗಿತ್ತು, ಸಾರು ಹಾಕಿರಲಿಲ್ಲ. ಅವನು ಅನ್ನ ನೋಡಿದ, ಸೌಟು ನೋಡಿದ, ನನ್ನನ್ನು ನೋಡಿದ.

“ಚಿಕ್ಕದ್ರಲ್ಲಿ” ಎಂದ, ಎಲೆಗೆ ಹೇಳಿದ ಹಾಗೆ.

“ನಂಗೆ ಕೇಳಿಸ್ಲಿಲ್ಲ ಅಣ್ಣಾ. ಮದುವೆ ಮನೇಲಿ ಹೇಳ್ತೀಯಲ್ಲ, ಆ ಗಂಟ್ಲಲ್ಲಿ ಹೇಳು.”

“ಹಿತ್ತಾಳೆ ಮೆಟ್ಟಿಲಲ್ಲಿತ್ತು! ಬದಲಾಯ್ಸೋದು ಮರ್ತೆ. ನೀನು ಬರೋ ಮೊದ್ಲೇ ಸುಡ್ತಿತ್ತು. ಸಾಕಾ?”

“ಅಪ್ಪನಿಗೆ ಗೊತ್ತಿತ್ತಾ?”

“ಗೊತ್ತಿತ್ತು” ಎಂದ. ಈ ಸಲ ತಾನಾಗಿಯೇ ಜೋರಾಗಿ.

ನನ್ನ ಕೋಪ ಕರಗಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸತ್ತ ಅಪ್ಪನ ಎಲೆಯ ಮುಂದೆ ಸೌಟು ಹಿಡಿದು ನಿಲ್ಲಲು ಆಗುವುದಿಲ್ಲ, ಅವನ ಪಾಲಿನ ಕೋಪ ನನ್ನ ಹತ್ತಿರವೇ ಉಳಿಯಿತು. ನನ್ನ ಮಗ ತಲೆ ತಗ್ಗಿಸಿದ್ದ, ನಕ್ಕ ನಗುಗಳೆಲ್ಲ ಅವನಿಗೆ ನೆನಪಾಗುತ್ತಿದ್ದಿರಬೇಕು. ನಾನು ಮಲ್ಲಣ್ಣನ ಅನ್ನದ ಮೇಲೆ ಸಾರು ಹಾಕಿದೆ, ಒಂದು ಸೌಟಲ್ಲ, ಎರಡು. ಆಮೇಲೆ ಸುಗುಣಳ ಎಲೆಗೆ ಕೋಳಿಯ ಕಾಲು, ಸೊಸೆಗೆ, ಮಗನಿಗೆ. ಬಡಿಸುವವಳು ಕೊನೆಗೆ ಉಣ್ಣಬೇಕೆಂಬ ಕಟ್ಟಳೆಯೂ ನಮ್ಮಲ್ಲಿದೆ. ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಒಂದು ಎಲೆ ಎಳೆದುಕೊಂಡು ಮೊಮ್ಮಗಳ ಪಕ್ಕದಲ್ಲಿ ಕೂತೆ. ಅವಳ ಕೂದಲಲ್ಲಿ ಅಲ್ಯೂಮಿನಿಯಮ್ಮಿನ ಒಂದು ಚೂರು ಬೆಳ್ಳಗೆ ಮಿನುಗುತ್ತಿತ್ತು. ತೆಗೆಯಲು ಕೈಯೆತ್ತಿದವಳು ಅದನ್ನು ಅಲ್ಲೇ ಬಿಟ್ಟೆ. ಸಾರಿಗೆ ಬಿದ್ದರೆ ಬೀಳಲಿ. ಮಲ್ಲಣ್ಣ ಕೈ ಚಾಚಿ ತನ್ನ ಎಲೆಯ ವಡೆಯೊಂದನ್ನು ಅವಳ ಎಲೆಗೆ ಹಾಕಿದ, ನಾನು ಅವನ ಎಲೆಗೆ ಇನ್ನೊಂದು ಹಾಕಿದೆ, ಮತ್ತೆ ಎಲ್ಲರೂ ಉಣ್ಣತೊಡಗಿದೆವು.